ಬಾಣಗಳು ಇನ್ನೂ ಪೂರ್ವಕ್ಕೇ ಇವೆ
2025 ಜೂನ್ 14, ಶನಿವಾರ

ರಾತ್ರಿಯಿಡೀ ಸುರಿದ ಮಳೆ ಬೆಳಗಿನ ಜಾವಕ್ಕೆ ಬಿಟ್ಟಿತ್ತು. ಕಟ್ಟಡದ ಸೈಟಿಗೆ ಕಾಲಿಟ್ಟವನು ನೇರವಾಗಿ ಮೊದಲ ಹಂತದ ಮಳೆತೋಟದ ಕಡೆಗೆ ನಡೆದೆ. ನೀರು ಇಂಗಲೆಂದು ಮರಳು, ಗೊಬ್ಬರ ಹದವಾಗಿ ಬೆರೆಸಿ ಮಾಡಿದ ಆ ತಗ್ಗಿನಲ್ಲಿ ಕೆಂಪು ನೀರು ಮಡುಗಟ್ಟಿತ್ತು. ಸಸಿಗಳ ತುದಿ ಮಾತ್ರ ಕಾಣುತ್ತಿತ್ತು. ಎದೆ ಧಸಕ್ಕೆಂದಿತು.

"ಬೇಲಿ ಬಿದ್ದಿಲ್ಲ ಸರ್, ನೀರು ಬುಡದಲ್ಲಿ ನುಸುಳಿದೆ" ಎಂದರು ಮೇಸ್ತ್ರಿ. ಹೌದು, ಎರಡನೇ ಹಂತದ ಅಂಚಿನ ಸಿಲ್ಟ್ ಫೆನ್ಸ್, ಅಂದರೆ ಹೂಳು ತಡೆಯುವ ಬಟ್ಟೆಯ ಬೇಲಿ, ನೆಟ್ಟಗೆ ನಿಂತಿತ್ತು. ಅದರ ಬಟ್ಟೆಯನ್ನು ಅರ್ಧ ಅಡಿ ಆಳಕ್ಕೆ ಹೂತು ಮಣ್ಣು ದಮ್ಮಸ್ಸು ಮಾಡಬೇಕು. ಕೆಲವು ಕಡೆ ಬರೀ ಕಲ್ಲು ಹೇರಿದ್ದರು. ಆದರೆ ಬುಡ ಗಟ್ಟಿಯಿದ್ದರೂ ಅದು ತಡೆಯುತ್ತಿರಲಿಲ್ಲ. 100 ಅಡಿ ಬೇಲಿಗೆ ಹೆಚ್ಚೆಂದರೆ ಕಾಲು ಎಕರೆಯ ನೀರು ಎಂಬುದು ರೂಢಿಯ ಲೆಕ್ಕ, ಅದೂ ತೆಳುವಾಗಿ ಹರಡಿಕೊಂಡು ಬರುವ ನೀರು. ಇಲ್ಲಿ ಒಂದೂವರೆ ಎಕರೆಯ ನೀರು ಒಂದೇ ಮೂಲೆಗೆ ನುಗ್ಗಿದೆ.

ಹೂಳು ತಡೆಯ ನಕ್ಷೆ ಬರೆದದ್ದು ಮೊದಲ ಹಂತ ಶುರುವಾದಾಗ. ಆಗ ಎರಡನೇ ಹಂತದ ಜಾಗವೆಂದರೆ ಹುಲ್ಲು ಹೊದ್ದ ದಿಬ್ಬ. ನೀರು ಪೂರ್ವಕ್ಕೆ ಹರಿದು ಹೂಳುಹೊಂಡ ಸೇರುತ್ತಿತ್ತು. ಕಳೆದ ತಿಂಗಳು ದಿಬ್ಬ ಕಡಿದು, ಅಗೆದ ಮಣ್ಣನ್ನು ಪೂರ್ವದ ಅಂಚಿಗೇ ರಾಶಿ ಹಾಕಿದೆವು. ನೀರು ಬೇರೆ ದಾರಿ ಹಿಡಿಯಿತು. ನಕ್ಷೆಯ ಬಾಣಗಳು ಇನ್ನೂ ಪೂರ್ವಕ್ಕೇ ಇವೆ. ಅವನ್ನು ತಿದ್ದುವ ಹೊಣೆ ನನ್ನದಾಗಿತ್ತು.

ಆ ನೀರನ್ನು ಬಾಟಲಿಯಲ್ಲಿ ಹಿಡಿದು ಮೇಜಿನ ಮೇಲಿಟ್ಟೆ. ಮರಳು ಕ್ಷಣದಲ್ಲೇ ತಳ ಸೇರಿತು. ಸಂಜೆಯಾದರೂ ಮೇಲಿನ ಕೆಂಪು ಹೋಗಿಲ್ಲ. 0.002 ಮಿಲಿಮೀಟರಿನ ಜೇಡಿಯ ಕಣ ನಿಂತ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಬೇಕು. ಅದಕ್ಕಿಂತ ಸಣ್ಣ ಕಣಗಳಿಗೆ ದಿನಗಳೇ ಬೇಕು. ಒಮ್ಮೆ ಎದ್ದ ಜೇಡಿಯನ್ನು ಬೇಲಿಯೂ ಹೊಂಡವೂ ಪೂರ್ತಿ ಹಿಡಿಯಲಾರವು. ಅದು ಏಳದಂತೆ ನೆಲವನ್ನು ಹೊದಿಸಿಡಬೇಕು.

ಪರಿಸರಸ್ನೇಹಿ ಕಟ್ಟಡಗಳಿಗೆ ಅಂಕ ಎಣಿಸಿ ಕೊಡುವ ಲೀಡ್ (LEED) ಪ್ರಮಾಣಪತ್ರದಲ್ಲಿ ಹೂಳು ತಡೆಯುವ ಈ ಕೆಲಸಕ್ಕೆ ಅಂಕವಿಲ್ಲ. ಇದು ಕಡ್ಡಾಯ ಷರತ್ತು. ಅಂಕ ತಾರದ್ದರಿಂದಲೇ ಸಭೆಗಳಲ್ಲಿ ಸೌರಫಲಕದ ನಂತರ, ಎಲ್ಲರೂ ಏಳುವ ಹೊತ್ತಿಗೆ ಇದರ ಸರದಿ ಬರುತ್ತದೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಲೀಡ್ ಆಧಾರವಾಗಿ ಹಿಡಿಯುವ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪರವಾನಗಿ ನಿಯಮದಂತೆ, 14 ದಿನ ಅಥವಾ ಹೆಚ್ಚು ಕಾಲ ಕೆಲಸ ನಿಲ್ಲುವ ಬರಿನೆಲವನ್ನು ಭದ್ರಪಡಿಸಲು ತಕ್ಷಣವೇ ತೊಡಗಬೇಕು. ನಮ್ಮ ಮಣ್ಣಿನ ರಾಶಿಯನ್ನು ಯಾರೂ ಮುಟ್ಟದೆ ಮೂರು ವಾರವಾಗಿದೆ.

ಇಂದು ರಾಶಿಗೆ ನಾರಿನ ಚಾಪೆ ಹೊದಿಸಿ, ಮೇಲಿನ ನೀರನ್ನು ಹೊಂಡಕ್ಕೆ ತಿರುಗಿಸುವ ಒಡ್ಡು ಹಾಕಿಸಿದೆ. ಸೋಮವಾರ ಮೂರನೇ ಹಂತ ಅಗೆಯೋಣವೆಂದು ಗುತ್ತಿಗೆದಾರರು ಕೇಳಿದರು. ಎರಡನೆಯದರ ಇಳಿಜಾರಿನಲ್ಲಿ ಹುಲ್ಲು ಚಿಗುರುವವರೆಗೆ ಆಗದು ಎಂದೆ. ಅವರಿಗೆ ಹಿಡಿಸಲಿಲ್ಲ.

ಮಳೆತೋಟದ ಬಾಯಿಗೆ ಮರಳಿನ ಚೀಲ ಅಡ್ಡ ಇಟ್ಟಿದ್ದೇವೆ. ಕೆಸರು ಕೂತ ಮೇಲ್ಪದರ ತೆಗೆದು ಹೊಸ ಮಣ್ಣು ತುಂಬುವುದು ಮೇಲಿನ ನೆಲ ಭದ್ರವಾದ ಮೇಲೆಯೇ. ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಎತ್ತಿ ನೆರಳಿಗೆ ಸಾಗಿಸಿದೆವು. 40ರಲ್ಲಿ 11 ಉಳಿಯುವ ಹಾಗೆ ಕಾಣುವುದಿಲ್ಲ.