ಹಗುರ ಗಾಜು ಅಂದ್ರೆ ತೆಳು ಗಾಜು ತಾನೇ?

ನಾನು ಯಾಟ್‌ಗಳಿಗೆ, ಅಂದರೆ ಭಾರೀ ಶ್ರೀಮಂತರ ಸ್ವಂತ ಹಡಗುಗಳಿಗೆ, ಹಗುರ ಗಾಜು ಡಿಸೈನ್ ಮಾಡುತ್ತೇನೆ. ದಾವಣಗೆರೆಯಲ್ಲಿ, ಮನೆಯಲ್ಲೇ ಕೂತು. ಇಲ್ಲಿ ಸಮುದ್ರ ಎಲ್ಲಿದೆ ಅಂತ ಕೇಳುವವರಿಗೆ ಉತ್ತರ ಕೊಡುವುದು ಬಿಟ್ಟು ಕಾಲವಾಯಿತು. ಆದರೆ ಇನ್ನೊಂದು ಪ್ರಶ್ನೆ ಬೆನ್ನು ಬಿಡುತ್ತಿಲ್ಲ: "ಹಗುರ ಗಾಜು ಅಂದ್ರೆ ತೆಳು ಗಾಜು ತಾನೇ? ಅದಕ್ಕೇನು ಡಿಸೈನು?"

ಆ 'ತಾನೇ' ಇದೆಯಲ್ಲ, ಅದು ತಲೆ ಕೆಡಿಸುತ್ತದೆ. ಉತ್ತರ ಜೇಬಲ್ಲಿಟ್ಟುಕೊಂಡು ನನ್ನನ್ನು ಯಾಕೆ ಕೇಳಬೇಕು?

ಹೋದ ವರ್ಷ ಹರಿಹರದಲ್ಲಿ ಒಂದು ಮದುವೆ. ಊಟಕ್ಕೆ ಪಕ್ಕದಲ್ಲಿ ಕೂತ ದೊಡ್ಡಪ್ಪ ಎಲೆಯಿಂದ ಹಪ್ಪಳ ಎತ್ತಿ ಹಿಡಿದರು. "ಹಿಂಗೆ ತೆಳ್ಳಗೆ ಮಾಡ್ತೀಯೇನಪಾ?" ಅಂದರು. ಪಟಕ್ಕನೆ ಮುರಿದರು, ಸಾರಿಗೆ ಅದ್ದಿದರು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಪಾಯಸ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಈಗ ಹೇಳ್ತೀನಿ ಕೇಳಿ ದೊಡ್ಡಪ್ಪ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ ತೂಗುತ್ತದೆ. 3 ಮೀಟರ್ ಉದ್ದ, 2 ಮೀಟರ್ ಎತ್ತರದ ಕಿಟಕಿ 20 ಮಿ.ಮೀ. ದಪ್ಪ ಇದ್ದರೆ 300 ಕೆಜಿ. ಅಂಥ 20 ಕಿಟಕಿ ಹಡಗಿನ ಮೇಲಿನ ಮಹಡಿಯಲ್ಲಿ ಕೂತರೆ 6 ಟನ್. ಹುಲ್ಲು ಹೇರಿಕೊಂಡು ವಾಲಾಡುತ್ತಾ ಹೋಗುವ ಟ್ರ್ಯಾಕ್ಟರ್ ಹಿಂದೆ ನೀವು ಬೈಕ್ ಓಡಿಸಿದ್ದೀರಿ, ಅಲ್ವಾ? ತೂಕ ಮೇಲೆ ಹೋದಷ್ಟೂ ಹಡಗಿನ ಪಾಡೂ ಅದೇ. ಕಿಟಕಿಗೆ 5 ಮಿ.ಮೀ. ಕಳೆದರೆ ಒಂದೂವರೆ ಟನ್ ಇಳಿಯುತ್ತದೆ.

ಆದರೆ ಸುಮ್ನೆ ಕಳೆದರೆ ಅಲೆ ಹೊಡೆದಾಗ ಗಾಜು ಒಳಗೆ ಬರುತ್ತದೆ. ಅದಕ್ಕೇ ಗಾಜನ್ನು ಕರಗಿದ ಪೊಟ್ಯಾಶಿಯಂ ನೈಟ್ರೇಟಿನಲ್ಲಿ, 400 ಡಿಗ್ರಿ ದಾಟಿದ ಬಿಸಿಯಲ್ಲಿ, ಗಂಟೆಗಟ್ಟಲೆ ಮುಳುಗಿಸುತ್ತಾರೆ. ಹಿರಿಯೂರಿನ ದಾಳಿಂಬೆ ತೋಟದವರು ಡ್ರಿಪ್‌ನಲ್ಲಿ ಬಿಡುವ 13-0-45 ಗೊಬ್ಬರ ಇದೆಯಲ್ಲ, ಅದೇ ಉಪ್ಪು. ಗಾಜಿನ ಮೇಲ್ಪದರದಿಂದ ಸಣ್ಣ ಸೋಡಿಯಂ ಆಚೆ ಬರುತ್ತದೆ, ಆ ಜಾಗಕ್ಕೆ ದಪ್ಪ ಪೊಟ್ಯಾಶಿಯಂ ತೂರಿಕೊಳ್ಳುತ್ತದೆ. ಬಸ್ಸಿನ ಮೂವರ ಸೀಟಿಂದ ಸಣಕಲ ಎದ್ದು, ಅಲ್ಲಿ ಧಡಿಯ ಕೂತ ಹಾಗೆ. ಮೇಲ್ಮೈ ಒತ್ತಿಕೊಂಡು ಬಿಗಿಯಾಗುತ್ತದೆ, ಬಿರುಕು ಬಾಯಿ ಬಿಡುವುದು ಕಷ್ಟ. ನಿಮ್ಮ ಜೇಬಿನ ಮೊಬೈಲ್ ಗಾಜಿಗೂ ಇದೇ ಸ್ನಾನ.

ಇನ್ನು, ಈ ಕಿಟಕಿ ಒಂದೇ ಗಾಜಲ್ಲ, ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಎರಡು ಹಾಳೆ. ಆ ಪದರದ ಕೆಲಸ ನೋಡಿ. ಮಕ್ಕಳ ಎರಡು ಸ್ಕೇಲ್ ಜೋಡಿಸಿ ಹಿಡಿದು ಬಗ್ಗಿಸಿ. ಒಂದರ ಮೇಲೊಂದು ಜಾರುತ್ತವೆ, ಸಲೀಸಾಗಿ ಬಾಗುತ್ತವೆ. ಫೆವಿಕ್ವಿಕ್ ಹಾಕಿ ಪೂರ್ತಿ ಅಂಟಿಸಿ ನೋಡಿ: ಅಷ್ಟೇ ಬಗ್ಗಿಸಲು ನಾಲ್ಕು ಪಟ್ಟು ಬಲ ಬೇಕು. ನಡುವೆ ಪಿವಿಬಿ ಅನ್ನೋ ಮೆತ್ತಗಿನ ಪ್ಲಾಸ್ಟಿಕ್ ಬದಲು ಅಯಾನೋಪ್ಲಾಸ್ಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಹಾಕುವುದು ಇದಕ್ಕೇ. (ತೋರಿಸಲು ಹೋಗಿ ಮಗಳ ಸ್ಕೇಲ್ ಮುರಿದೆ. ಎರಡು ದಿನ ಮಾತು ಬಿಟ್ಟಳು.)

"ಒಡೆಯಲ್ವಾ?" ಅಂತಲೂ ಕೇಳುತ್ತಾರೆ. ಒಡೆಯುತ್ತದೆ, ಗಾಜು ಅದು! ಒಡೆದ ಮೇಲೆ ಏನಾಗುತ್ತೆ ಅಂತ ಕೇಳಿ, ಕೂರಿಸಿ ಕಾಫಿ ಕೊಟ್ಟು ಹೇಳ್ತೀನಿ. ಮಾಮೂಲಿ ಟಫನ್ ಗಾಜಿನ (ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ನಡುವೆ ಪಿವಿಬಿ ಇದ್ದು, ಎರಡೂ ಹಾಳೆ ಪುಡಿಯಾದರೆ, ಚಳ್ಳಕೆರೆಯ ಒದ್ದೆ ಕಂಬಳಿಯ ಹಾಗೆ ಜೋತುಬೀಳುತ್ತದೆ. ಗಟ್ಟಿ ಪದರ ಇದ್ದರೆ ಚೂರುಚೂರಾಗಿಯೂ ಚೌಕಟ್ಟಿನಲ್ಲಿ ನಿಂತಿರುತ್ತದೆ. ನನ್ನ ಅರ್ಧ ಕೆಲಸ ಇದೇ.

ಒಡೆದ ಮೇಲೆ ಏನಾಗುತ್ತೆ ಅಂತ ಇಷ್ಟು ವರ್ಷದಲ್ಲಿ ಕೇಳಿದ್ದು ಅಮ್ಮ ಒಬ್ಬಳೇ. ಉತ್ತರ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಹಂಗಾದ್ರೆ ನಮ್ಮ ಅಡುಗೆಮನೆ ಕಿಟಕಿಗೆ ಗಾಜು ಯಾವಾಗ ಹಾಕಿಸ್ತೀಯಪ್ಪ?" ಅಂದಳು. ಎರಡು ವರ್ಷದಿಂದ ಅಲ್ಲಿ ಹಳೇ ಕ್ಯಾಲೆಂಡರಿನ ರಟ್ಟು ಇದೆ.