ಮರಿಯನ್ನು ಸುಸ್ತು ಮಾಡುವುದೇ ನನ್ನ ಕೆಲಸ ಅಂದುಕೊಂಡಿದ್ದೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗುವುದು ನನ್ನ ಕೆಲಸ. ಕರೆಯುವ ಮನೆಯವರು ಹೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ಚೆನ್ನಾಗಿ ಓಡಿಸಿ, ಬಂದು ಮಲಗಿಬಿಡಬೇಕು." ಶುರುವಿನಲ್ಲಿ ನಾನೂ ಅದನ್ನೇ ನಂಬಿದ್ದೆ.

ಆಗ ಸಿಕ್ಕಿದವಳು ಚಿನ್ನು. 5 ತಿಂಗಳ ಲ್ಯಾಬ್ರಡಾರ್ ಮರಿ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ ಟಾರು ರಸ್ತೆಯಲ್ಲಿ ನಡೆಸುತ್ತಿದ್ದೆ. ಆಮೇಲೆ ಬೇಸ್‌ಮೆಂಟ್‌ನ ಸಿಮೆಂಟ್ ನೆಲದ ಮೇಲೆ ಚೆಂಡು ಎಸೆಯುತ್ತಿದ್ದೆ. ಎಷ್ಟು ಸಲ ಎಸೆದರೂ ಓಡುತ್ತಿದ್ದಳು, ಸಾಕು ಅನ್ನುವುದು ಮರಿಗೆ ಗೊತ್ತಿಲ್ಲ. ಲಿಫ್ಟ್ ಇದ್ದರೂ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿಸಿಕೊಂಡೇ ಹೋಗುತ್ತಿದ್ದೆ. ತಿಂಗಳು ತುಂಬುವಷ್ಟರಲ್ಲಿ ಓಡುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಇಡತೊಡಗಿದಳು, ಮೊಲದ ಥರ. ನೋಡಲು ಮುದ್ದಾಗಿತ್ತು. ಮನೆಯವರು ವಿಡಿಯೋ ಕೂಡ ಮಾಡಿದರು. ಮಲಗಿದ್ದವಳು ಏಳಲು ತಿಣುಕಿದಾಗಲೇ ನಮಗೆ ಗಾಬರಿಯಾಗಿದ್ದು.

ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸಡಿಲವಾಗಿರುವುದು ಕಂಡಿತು. ಹಿಪ್ ಡಿಸ್‌ಪ್ಲೇಸಿಯಾ. ಇದು ಮುಖ್ಯವಾಗಿ ಅಪ್ಪ ಅಮ್ಮನಿಂದ ಬರುವ ತೊಂದರೆ, ಆದರೆ ಎಳೆ ವಯಸ್ಸಿನಲ್ಲಿ ಬೀಳುವ ಹೊರೆ, ಮೈತೂಕ, ಜಾರುವ ನೆಲ ಅದನ್ನು ಹೆಚ್ಚಿಸುತ್ತವೆ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಎಳೆಗರುಗೆ ಯಾರಾದರೂ ನೊಗ ಕಟ್ತಾರೇನಪ್ಪಾ?" ಅಂದರು. ನಮ್ಮ ಮನೆಯಲ್ಲೂ ಎತ್ತುಗಳಿದ್ದವು. ನನಗೆ ಉತ್ತರ ಹೊರಡಲಿಲ್ಲ.

ಮರಿಯ ಉದ್ದ ಮೂಳೆಗಳ ತುದಿ ಹತ್ತಿರ ಮೃದುವಾದ ಒಂದು ಪದರ ಇರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದಲೇ. ಅದು ಗಟ್ಟಿಯಾಗಲು ಸಣ್ಣ ಜಾತಿಗಳಿಗೆ 8ರಿಂದ 10 ತಿಂಗಳು ಸಾಕು. ಲ್ಯಾಬ್ರಡಾರ್‌ಗೆ ವರ್ಷ ದಾಟುತ್ತದೆ. ಗ್ರೇಟ್ ಡೇನ್‌ನಂಥವಕ್ಕೆ ಒಂದೂವರೆ ವರ್ಷವೂ ಬೇಕು.

ಮರಿಗೆ ಎಷ್ಟು ತಿಂಗಳೋ ಅಷ್ಟು 5 ನಿಮಿಷ ನಡೆಸಿ ಎಂಬ ಲೆಕ್ಕವನ್ನು ನೀವೂ ಕೇಳಿರಬಹುದು. 4 ತಿಂಗಳ ಮರಿಗೆ 20 ನಿಮಿಷ. ಬೆಲ್ಟ್ ಕಟ್ಟಿ ನಡೆಸುವುದಕ್ಕೆ ಅಂದಾಜಿನ ಮಟ್ಟಿಗೆ ಸರಿ. ನನಗೆ ಮಾತ್ರ ಗಡಿಯಾರಕ್ಕಿಂತ ನೆಲ ಮುಖ್ಯ. ನಾರ್ವೆಯಲ್ಲಿ ದೊಡ್ಡ ಜಾತಿಯ ಮರಿಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಲ್ಯಾಬ್ರಡಾರ್‌ಗಳೂ ಅದರಲ್ಲಿದ್ದವು. ಮೊದಲ 3 ತಿಂಗಳಲ್ಲಿ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಈ ತೊಂದರೆಯ ಅಪಾಯ ಜಾಸ್ತಿ ಇತ್ತು. ಮೆತ್ತನೆಯ ನೆಲದಲ್ಲಿ ಬಿಡುಬೀಸಾಗಿ ಓಡಾಡಿದವಕ್ಕೆ ಕಡಿಮೆ ಇತ್ತು. ಅಂದರೆ ಹೆದರಿ ಮರಿಯನ್ನು ಕಟ್ಟಿಹಾಕುವುದೂ ತಪ್ಪೇ ಅಲ್ವಾ?

ಈಗ ಲಸಿಕೆ ಪೂರ್ತಿ ಆದ ಮರಿಯನ್ನು ಹುಲ್ಲು, ಮಣ್ಣು ಇರುವ ಕಡೆಗೇ ಕರೆದೊಯ್ಯುತ್ತೇನೆ. ಮುಂದೆ ಅದು, ಹಿಂದೆ ನಾನು. ಕೂತರೆ ಕೂರಲಿ. ಅದರ ಊಟದ ಒಣ ತಿಂಡಿಯಲ್ಲೇ ಒಂದು ಹಿಡಿ ತೆಗೆದು ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸುತ್ತೇನೆ. ಕಾಲಿಗಿಂತ ಮೂಗು ದುಡಿಯಬೇಕು. ಹದಿನೈದು ನಿಮಿಷ ಮೂಸಿ ಮೂಸಿ ಹುಡುಕಿದ ಮರಿ ಮನೆಗೆ ಹೋಗಿ ಗೊರಕೆ ಹೊಡೆಯುತ್ತದೆ.

"ಇಷ್ಟು ಬೇಗ ಬಂದ್ಬಿಟ್ರಾ?" ಎಂದು ಕೇಳುವವರಿಗೆ ಮೊದಲು ಅವರ ಮನೆಯ ನೆಲ ತೋರಿಸುತ್ತೇನೆ. ನುಣುಪಾದ ಟೈಲ್ಸ್ ಮೇಲೆ ಮರಿ ದಿನವಿಡೀ ಕಾಲು ಜಾರಿಸಿಕೊಂಡು ಓಡುತ್ತಿರುತ್ತದೆ. ಓಡಾಡುವ ಜಾಗಕ್ಕೆ ರಬ್ಬರ್ ಮ್ಯಾಟ್ ಅಥವಾ ಹಳೆಯ ಯೋಗ ಮ್ಯಾಟ್ ಹಾಸಿ. ಉಗುರು, ಪಾದದಡಿಯ ಕೂದಲು ಕತ್ತರಿಸಿ. ಸೋಫಾದಿಂದ, ಕಾರಿನಿಂದ ಎತ್ತಿ ಇಳಿಸಿ. ಮುಟ್ಟಿದರೆ ಪಕ್ಕೆಲುಬು ಕೈಗೆ ಸಿಗುವಷ್ಟೇ ಮೈ ಇರಲಿ. ಇನ್ನು ಕ್ಯಾಲ್ಸಿಯಂ ಸಿರಪ್. ಡಾಕ್ಟರ್ ಹೇಳದೆ ದಯವಿಟ್ಟು ಸುಮ್ನೆ ಕುಡಿಸಬೇಡಿ. ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನುವ ಶಕ್ತಿ ಎಳೆ ಮರಿಯ ಕರುಳಿಗೆ ಇರುವುದಿಲ್ಲ. ದೊಡ್ಡ ಜಾತಿಗಳಲ್ಲಿ ಅದರಿಂದ ಮೂಳೆಯ ಬೆಳವಣಿಗೆಯೇ ಕೆಡಬಹುದು.

ಚಿನ್ನುಗೆ ಈಗ ನಾಲ್ಕು ವರ್ಷ. ಆಪರೇಷನ್ ಬೇಕಾಗಲಿಲ್ಲ. ತೂಕ ಏರದಂತೆ ಮನೆಯವರು ಕಟ್ಟುನಿಟ್ಟಾಗಿ ನೋಡಿಕೊಂಡಿದ್ದಾರೆ. ಚಳಿಗಾಲದ ಬೆಳಿಗ್ಗೆ ಏಳುವುದು ಸ್ವಲ್ಪ ನಿಧಾನ. ಅವಳು ಬರುವವರೆಗೆ ಲಿಫ್ಟ್ ಬಾಗಿಲು ಹಿಡಿದು ನಿಂತಿರುತ್ತೇನೆ.