ಮಗನ ಬಂಡೆ ಬಿಟ್ಟು ಅಪ್ಪನ ಕೆರೆಗೆ

ಶ್ರೀಲಂಕಾಕ್ಕೆ ಹೋಗಿ ಬಂದು ಮೂರು ವಾರ ಆಯ್ತು. ದಾವಣಗೆರೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, ಬೀಚ್ ಫೋಟೋ ಎಲ್ಲಿ? ಇಲ್ಲ ಸ್ವಾಮಿ. ಎಂಟು ದಿನ ಒಂದು ದ್ವೀಪದಲ್ಲಿದ್ದು ಸಮುದ್ರ ನೋಡಿದ್ದು ಕೊನೆಯ ಎರಡು ದಿನ. ಉಳಿದ ದಿನವೆಲ್ಲ ಕೆರೆ ನೋಡಿದೆವು.

ಇದಕ್ಕೆಲ್ಲ ಕಾರಣ ನನ್ನ ಸೋದರಮಾವ. ಜೊತೆಗೆ ಬರಬೇಕಿದ್ದ ಗೆಳೆಯ ಕೈಕೊಟ್ಟ, ಮಗಳು ದುಬೈನಲ್ಲಿ ಇರೋದರಿಂದ ಮಾವನ ಹತ್ತಿರ ಪಾಸ್‌ಪೋರ್ಟ್ ಇತ್ತು, ಸುಮ್ನೆ ಬರ್ತೀಯಾ ಅಂತ ಕೇಳಿದ್ದಕ್ಕೆ ಹೊರಟೇ ಬಿಟ್ಟರು. ಸೂಳೆಕೆರೆ ಅಚ್ಚುಕಟ್ಟಿನಲ್ಲಿ ಅವರಿಗೆ ಮೂರು ಎಕರೆ ಗದ್ದೆ. ನಾನು ಗಾಲೆ, ಮಿರಿಸ್ಸ, ಎಲ್ಲ (ಹೌದು, ಎಲ್ಲ ಅನ್ನೋದೇ ಊರಿನ ಹೆಸರು) ಅಂತ ಪಟ್ಟಿ ಮಾಡಿಕೊಂಡು ಹೋಗಿ ತೋರಿಸಿದರೆ, "ಸಮುದ್ರದಾಗ ಏನೈತಲೇ ಅಳಿಯಾ, ಉಪ್ಪುನೀರು. ಅಲ್ಲಿ ದೊಡ್ಡ ದೊಡ್ಡ ಕೆರೆ ಅದಾವಂತಲ್ಲ?" ಅಂದರು.

ಅದಾವೆ. ನಾವೆಲ್ಲ ಶ್ರೀಲಂಕಾ ಅಂದರೆ ಪೂರ್ತಿ ಹಸಿರು, ಚಹಾ ತೋಟ ಅಂದುಕೊಂಡಿದ್ದೇವೆ. ಆ ಹಸಿರು ಇರುವುದು ನೈಋತ್ಯ ಭಾಗದಲ್ಲಿ ಮತ್ತು ಗುಡ್ಡದ ಸೀಮೆಯಲ್ಲಿ. ಉತ್ತರ ಮತ್ತು ಪೂರ್ವ ಅಂದರೆ ಅವರ ಬಯಲುಸೀಮೆ, ಒಣ ವಲಯ ಅಂತಾರೆ. ವರ್ಷಕ್ಕೆ 1750 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಬೀಳುವ ಜಾಗ ಅದು. ನಮ್ಮ ಚಿತ್ರದುರ್ಗದ ಕಡೆ 600 ಬಿದ್ದರೆ ಹಬ್ಬ ಮಾಡ್ತೀವಿ, ಆ ಮಾತು ಬೇರೆ. ಆದರೆ ಅವರ ಮಳೆಯೂ ಹೆಚ್ಚಾಗಿ ಅಕ್ಟೋಬರಿನಿಂದ ಜನವರಿಯೊಳಗೆ ಸುರಿದು ಮುಗಿದುಹೋಗುತ್ತದೆ. ಅದಕ್ಕೇ ಸಾವಿರಾರು ಕೆರೆ. ಸಿಂಹಳದಲ್ಲಿ ಕೆರೆಗೆ ವೆವ, ತಮಿಳಿನಲ್ಲಿ ಕುಳಂ. ನಮ್ಮಲ್ಲಿ ದಾವಣಗೆರೆ, ಚಳ್ಳಕೆರೆ ಇರುವ ಹಾಗೆ ಅಲ್ಲಿ ಕಲಾವೆವ, ಮಾಂಕುಳಂ, ಪುಲಿಯಂಕುಳಂ. ಬೋರ್ಡ್ ಓದುತ್ತಾ ಹೋದರೆ ನಮ್ಮೂರ ಕಡೆಯೇ ಬಸ್ಸಿನಲ್ಲಿ ಹೋಗುತ್ತಿದ್ದೇವೇನೋ ಅನ್ನಿಸುತ್ತದೆ.

ನಾವು ಉಳಿದುಕೊಂಡಿದ್ದು ಕೆಕಿರಾವ ಅನ್ನುವ ಸಣ್ಣ ಊರಿನಲ್ಲಿ. ಅಲ್ಲಿಂದ ಕಲಾವೆವ ಹತ್ತಿರ, ಆಟೋ ಸಿಗುತ್ತದೆ, ಅಲ್ಲಿ ಅದಕ್ಕೆ ತ್ರೀವೀಲ್ ಅಂತಾರೆ. ಕೆರೆ ಏರಿ ಮೇಲೆ ಇಳಿದ ಮೇಲೆ ಮಾವ ಹತ್ತು ನಿಮಿಷ ಮಾತೇ ಆಡಲಿಲ್ಲ. ನೀರಿನ ಹರವು ನೋಡಿದರೆ ಥೇಟ್ ಸೂಳೆಕೆರೆ. ಆದರೆ ಸೂಳೆಕೆರೆಗೆ ಎರಡು ಗುಡ್ಡ ಸಿಕ್ಕಿತು, ಮಧ್ಯೆ ಸಾವಿರ ಅಡಿಯೂ ಇಲ್ಲದ ಏರಿ ಹಾಕಿದರೆ ಕೆಲಸ ಮುಗಿಯಿತು. ಕಲಾವೆವಕ್ಕೆ ಆ ಅನುಕೂಲ ಇಲ್ಲ, ಏರಿಯೇ ಕಿಲೋಮೀಟರ್‌ಗಟ್ಟಲೆ ಇದೆ. 5ನೇ ಶತಮಾನದಲ್ಲಿ ಧಾತುಸೇನ ಅನ್ನುವ ರಾಜ ಕಟ್ಟಿಸಿದ್ದು. "ಮಣ್ಣು ಹೊತ್ತೋರ ಲೆಕ್ಕ ಯಾರು ಬರೆದಿಟ್ಟಾರು" ಅಂದರು ಮಾವ, ಅಷ್ಟು ಹೊತ್ತಿನ ಮೇಲೆ.

ಧಾತುಸೇನನ ಕತೆ ಹೇಳಲೇಬೇಕು. ಇವನ ಮಗ ಕಾಶ್ಯಪ. ಅಪ್ಪನನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತು ಎಲ್ಲಿದೆ ತೋರಿಸು ಅಂತ ಪೀಡಿಸಿದನಂತೆ. ಅಪ್ಪ ತನ್ನನ್ನು ಕಲಾವೆವಕ್ಕೆ ಕರ್ಕೊಂಡು ಹೋಗಿ ಅಂತ ಕೇಳಿ, ಅಲ್ಲಿ ನೀರಲ್ಲಿ ಮಿಂದು, ಬೊಗಸೆಯಲ್ಲಿ ನೀರು ಎತ್ತಿ, ನನ್ನ ಆಸ್ತಿ ಅಂತ ಇರುವುದು ಇಷ್ಟೇ ಅಂದನಂತೆ. ಮಗ ಅವನನ್ನು ಗೋಡೆಯೊಳಗೆ ಇಟ್ಟು ಮುಚ್ಚಿಸಿ ಕೊಂದ ಅಂತ ಅವರ ಹಳೆಯ ಚರಿತ್ರೆಯ ಗ್ರಂಥಗಳಲ್ಲಿದೆ. ಅದೇ ಕಾಶ್ಯಪ ಕಟ್ಟಿಸಿದ್ದು ಬಂಡೆ ಮೇಲಿನ ಕೋಟೆ ಸೀಗಿರಿಯಾ. ಇವತ್ತು ಜಗತ್ತೆಲ್ಲ ಡಾಲರ್ ಲೆಕ್ಕದಲ್ಲಿ ಟಿಕೆಟ್ ತಗೊಂಡು ಮಗನ ಬಂಡೆ ಹತ್ತಲು ಸಾಲು ನಿಲ್ಲುತ್ತದೆ. ಅಪ್ಪನ ಕೆರೆ ಏರಿ ಮೇಲೆ ನಾವಿಬ್ಬರು, ಮೀನು ಮಾರುವ ಒಬ್ಬ, ಎರಡು ನಾಯಿ. ನಾವು ಸೀಗಿರಿಯಾಕ್ಕೆ ಹೋಗಲಿಲ್ಲ. ಹಟ ಮಾಡಿದ್ದು ಮಾವ, ಮೊದಲು ಬೇಜಾರಾಗಿದ್ದು ನನಗೆ, ಈಗ ಇಲ್ಲ.

ಕಲಾವೆವದಿಂದ ಹಳೆಯ ರಾಜಧಾನಿ ಅನುರಾಧಪುರದ ತಿಸ್ಸವೆವಕ್ಕೆ ನೀರು ಒಯ್ಯಲು 87 ಕಿಲೋಮೀಟರ್ ಕಾಲುವೆ ತೆಗೆದಿದ್ದಾರೆ. ಯೋಧ ಎಲ ಅಂತಾರೆ, ಜಯಗಂಗಾ ಅಂತಲೂ ಹೆಸರಿದೆ. ಮೊದಲ 27 ಕಿಲೋಮೀಟರ್‌ನಲ್ಲಿ ಕಿಲೋಮೀಟರಿಗೆ ಇಳಿಜಾರು ಹತ್ತು ಸೆಂಟಿಮೀಟರ್ ಅಷ್ಟೇ, ಅಂದರೆ ಅರ್ಧ ಗೇಣು. ಇದನ್ನು ಹೇಳಿದಾಗ ಮಾವ ನಂಬಲಿಲ್ಲ. ನಮ್ಮ ಕಡೆ ಲೆವೆಲ್ ಮಷೀನ್ ಇಟ್ಟು ತೋಡಿದ ನಾಲೆಯಲ್ಲೇ ಕೊನೇ ಹೊಲಕ್ಕೆ ನೀರು ತಲುಪುವುದಿಲ್ಲ ಅಲ್ವಾ.

ತೂಬಿನ ವಿಷಯ ಇನ್ನೂ ಮಜಾ ಇದೆ. ದೊಡ್ಡ ಕೆರೆಯಲ್ಲಿ ತೂಬು ಎತ್ತಿದರೆ ನೀರು ನುಗ್ಗುವ ರಭಸಕ್ಕೆ ಏರಿಯೇ ಕಿತ್ತುಹೋಗಬಹುದು. ಅದಕ್ಕೆ ಏರಿಯೊಳಗೆ ಕಲ್ಲು ಕಟ್ಟಿದ ಚೌಕದ ಬಾವಿಯಂಥದ್ದು ಮಾಡಿ, ನೀರು ಅಲ್ಲಿ ಬಂದು ಸುಸ್ತಾಗಿ ಆಮೇಲೆ ಹೊರಗೆ ಹೋಗುವ ಹಾಗೆ ಮಾಡಿದ್ದಾರೆ. ಹೆಸರು ಬಿಸೋಕೊಟುವ. ಸಣ್ಣ ಹಳ್ಳಿಗಳಲ್ಲಿ ಒಂದು ಕೆರೆಯ ನೀರು ಕೆಳಗಿನ ಕೆರೆಗೆ, ಅದರದ್ದು ಇನ್ನೂ ಕೆಳಗಿನದಕ್ಕೆ, ಹೀಗೆ ಸರಮಾಲೆ. ನಮ್ಮ ದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡಕ್ಕೆ ನೀರು ಇಳಿಯುತ್ತದಲ್ಲ, ಅದೇ ಲೆಕ್ಕ, ಊರೂರಿನ ಅಳತೆಯಲ್ಲಿ. ನಮ್ಮ ನೀರಗಂಟಿ ಇದ್ದ ಹಾಗೆ ಅಲ್ಲಿ ಹಿಂದೆ ವೆಲ್ ವಿದಾನೆ ಅಂತ ಒಬ್ಬ ಇರುತ್ತಿದ್ದ. ನೀರು ಕಡಿಮೆ ಇದ್ದ ವರ್ಷ ಕೆರೆಗೆ ಹತ್ತಿರದ ಒಂದಿಷ್ಟು ಗದ್ದೆಯನ್ನು ಮಾತ್ರ ಇಟ್ಟುಕೊಂಡು, ಯಜಮಾನ ಯಾರೇ ಇರಲಿ, ಆ ಬೆಳೆಯ ಮಟ್ಟಿಗೆ ಎಲ್ಲರಿಗೂ ಹಂಚುವ ಪದ್ಧತಿ ಇದೆ, ಬೆತ್ಮ ಅಂತ. ಇದನ್ನು ಕೇಳಿ ಮಾವ ಬಿದ್ದು ಬಿದ್ದು ನಕ್ಕರು. "ನಮ್ಮೂರಾಗೆ ಇದನ್ನ ಹೇಳಿ ನೋಡು, ಕೊಡ್ಲಿ ತಗೊಂಡು ಬರ್ತಾರ."

ಹತ್ತಿರದಲ್ಲೇ ಅವುಕನ ಬುದ್ಧ ಇದ್ದಾನೆ. ಬಂಡೆಯಲ್ಲಿ ಕೆತ್ತಿದ ನಿಂತ ವಿಗ್ರಹ, 12 ಮೀಟರ್ ಚಿಲ್ಲರೆ ಎತ್ತರ, ಬೆನ್ನ ಹಿಂದೆ ಸಣ್ಣ ಪಟ್ಟಿಯಷ್ಟು ಕಲ್ಲು ಇನ್ನೂ ಬಂಡೆಗೆ ಅಂಟಿಕೊಂಡಿದೆ. ಶ್ರವಣಬೆಳಗೊಳ ನೋಡಿದ ಕಣ್ಣಿಗೆ ಎತ್ತರ ದೊಡ್ಡದಲ್ಲ, ಆದರೆ ಬಟ್ಟೆಯ ನೆರಿಗೆ ನೋಡಬೇಕು. ನಾವು ಹೋಗಿದ್ದು ಆಗಸ್ಟ್, ಕೆರೆ ಇಳಿದು ದಡದಲ್ಲಿ ಹುಲ್ಲು ಬಂದಿತ್ತು, ಸಂಜೆ ಆನೆಗಳು ಬಂದವು. ಒಂದಕ್ಕೆ ದಂತ. ಆ ದೇಶದಲ್ಲಿ ದಂತದ ಆನೆ ಅಪರೂಪ.

ಯಾಪಹುವ ನನ್ನ ಆಯ್ಕೆ. ಮಾಹೋ ಜಂಕ್ಷನ್‌ನಲ್ಲಿ ರೈಲು ಇಳಿದರೆ ಸಮೀಪ. 90 ಮೀಟರ್ ಎತ್ತರದ ಒಂಟಿ ಬಂಡೆ, ಬುಡದಲ್ಲಿ ಕಂದಕ, ಸುತ್ತುಗೋಡೆ. 13ನೇ ಶತಮಾನದ ಕೊನೆಯಲ್ಲಿ ಮೊದಲನೇ ಭುವನೇಕಬಾಹು ಇಲ್ಲಿ ರಾಜಧಾನಿ ಮಾಡಿಕೊಂಡು, ಅವರು ಪೂಜಿಸುವ ಬುದ್ಧನ ಹಲ್ಲನ್ನೂ ಇಲ್ಲೇ ಇಟ್ಟಿದ್ದ. ಪಾಂಡ್ಯರ ಸೈನ್ಯ ಬಂದು ಹಲ್ಲನ್ನು ಹೊತ್ತುಕೊಂಡು ಹೋಯಿತು, ಆಮೇಲೆ ಸಂಧಾನ ಮಾಡಿ ವಾಪಸ್ ತಂದರು. ಕಲ್ಲಿನ ಮೆಟ್ಟಿಲು ಎಷ್ಟು ಕಡಿದು ಅಂದರೆ ಮಾವ ಮೊಣಕಾಲು ಹಿಡಿದುಕೊಂಡು ಅರ್ಧದಲ್ಲೇ ಕಲ್ಲಿನ ಸಿಂಹದ ಪಕ್ಕ ಕೂತರು. ಮೇಲೆ ಹತ್ತಿದರೆ ಏಳುಸುತ್ತಿನ ಕೋಟೆಯಂಥ ಗತ್ತು ಇಲ್ಲ, ಬಿಡಿ, ದುರ್ಗದವನಾಗಿ ಇಷ್ಟು ಹೇಳದಿದ್ದರೆ ಹೇಗೆ. ಆದರೆ ಮೆಟ್ಟಿಲ ಕೊನೆಯ ಬಾಗಿಲಲ್ಲಿ ಕೆತ್ತಿದ ನರ್ತಕಿಯರು, ವಾದ್ಯದವರು ನಮ್ಮಲ್ಲಿ ಇಲ್ಲ. ಕೋತಿಗಳು ಮಾತ್ರ ಎರಡೂ ಕಡೆ ಒಂದೇ ಜಾತಿ ಕಳ್ಳರು.

ಊಟದ ಬಗ್ಗೆ ಒಂದು ಎಚ್ಚರಿಕೆ. ನಾವು ಸಸ್ಯಾಹಾರಿಗಳು. ಮೊದಲ ರಾತ್ರಿ ನಾವಿದ್ದ ಲಾಡ್ಜಿನಲ್ಲಿ ವೆಜ್ ಅಂತ ಕೊಟ್ಟ ಕಾಯಿ ಚಟ್ನಿಯಲ್ಲಿ ಒಣಮೀನಿನ ಪುಡಿ ಇತ್ತು. ಅದಕ್ಕೆ ಉಂಬಲಕಡ ಅಂತಾರೆ, ಅವರ ಲೆಕ್ಕದಲ್ಲಿ ಅದು ಮಸಾಲೆ ಇದ್ದ ಹಾಗೆ. "ಉಂಬಲಕಡ ಎಪಾ" ಅನ್ನುವುದನ್ನು ಬಾಯಿಪಾಠ ಮಾಡಿಕೊಳ್ಳಿ, ಬೇಡ ಅಂತ ಅರ್ಥ. ಮಾವ ಆ ರಾತ್ರಿ ಬಾಳೆಹಣ್ಣು ತಿಂದು ಮಲಗಿದರು. ಮಾರನೇ ದಿನ ಅವರ ಸಿಟ್ಟು ಇಳಿಸಿದ್ದು ಕುರಕ್ಕನ್ ತಲಪ. ಕುರಕ್ಕನ್ ಅಂದರೆ ರಾಗಿ, ತಲಪ ಅಂದರೆ ನಮ್ಮ ಮುದ್ದೆಯೇ, ಸ್ವಲ್ಪ ಗಟ್ಟಿ. ಸಾರು ಮಾತ್ರ ಬರಲಿಲ್ಲ.

ಕೊನೆಗೆ ಸಮುದ್ರದ ದಂಡೆಯ ಮನ್ನಾರ್. ಅನುರಾಧಪುರದಿಂದ ಬಸ್. ಫ್ಲೆಮಿಂಗೋ ಬರುವುದು ಚಳಿಗಾಲಕ್ಕೆ, ನಮಗೆ ಸಿಕ್ಕಿದ್ದು ಬೀದಿಗಳಲ್ಲಿ ತಿರುಗುವ ಕತ್ತೆ. ಸವಣೂರಿನ ದೊಡ್ಡ ಹುಣಸೆ ಮರ ನೋಡಿದ್ದೀರಲ್ಲ, ಅದೇ ಆಫ್ರಿಕಾದ ಬಾವೊಬಾಬ್ ಮರ ಇಲ್ಲೂ ಒಂದಿದೆ, ಬುಡ ಆನೆಯ ಹಾಗೆ. ತಲೈಮನ್ನಾರ್‌ನ ಹಳೆಯ ಹಡಗುಕಟ್ಟೆಯ ಹತ್ತಿರ ನಿಂತರೆ ಆಚೆ ಧನುಷ್ಕೋಡಿ. 1964ರ ಚಂಡಮಾರುತದ ತನಕ ಅಲ್ಲಿಗೆ ರೈಲಿನಲ್ಲಿ ಬಂದು, ದೋಣಿ ಹತ್ತಿ, ಇಲ್ಲಿ ಇಳಿದು ಮತ್ತೆ ರೈಲು ಹತ್ತುತ್ತಿದ್ದರು.

ಮಾವ ಪಂಚೆ ಎತ್ತಿಕೊಂಡು ಮೊಣಕಾಲಿನ ತನಕ ನೀರಿಗೆ ಇಳಿದರು, ಒಂದು ಬೊಗಸೆ ತಗೊಂಡು ನಾಲಿಗೆಗೆ ಹಚ್ಚಿ ಉಗಿದರು. "ಕಲಾವೆವ ಕೋಡಿ ಬೀಳೋದು ಯಾವಾಗಂತೆ?" ಡಿಸೆಂಬರ್ ಹೊತ್ತಿಗೆ ಇರಬಹುದು ಅಂದೆ. "ಹಂಗಾರೆ ಭತ್ತ ಕೊಯ್ದು ಬರೋಣ."